ಒಂಬತ್ತನೇ ಪೇರಿನಲ್ಲಿ ಬಂದ ಕುದುರೆ

…ಊದಿದೆ ಅನ್ನುವುದು ಮಾತ್ರ ಖಚಿತ. ಎಷ್ಟು ಸಲ ಊದಿದೆ ಎಂಬಲ್ಲಿಗೆ ಬಂದರೆ ನೆನಪು ನನ್ನ ಪರವಾಗಿ ಸಾಕ್ಷಿ ಹೇಳಲು ಶುರುಮಾಡುತ್ತದೆ, ಅದಕ್ಕೇ ಅದನ್ನು ನಂಬುವುದಿಲ್ಲ. ವಿಚಾರಣೆಯಲ್ಲಿ ಎರಡು ಸಲ ಎಂದಿದ್ದೆ. ಹೆಂಡತಿಗೆ ಹೇಳುವಾಗ ಅದು ಮೂರಾಗಿತ್ತು. ಇವತ್ತು ಬರೆಯಲು ಕೂತರೆ ಒಂದೇ ಸಲ, ಅದೂ ಅರ್ಧ ಮನಸ್ಸಿನಿಂದ, ಕೆಳಗೆ ಯಾರೋ ಸೈಕಲ್ ನಿಲ್ಲಿಸಲು ನನ್ನ ಏಣಿಯನ್ನು ಸರಿಸುತ್ತಿದ್ದುದನ್ನೇ ನೋಡುತ್ತ ಊದಿದ ಹಾಗೆ ಕಾಣುತ್ತದೆ.

ಊದುವುದು ಅಂದರೇನೆಂದು ಈಗ ಕೆಲಸಕ್ಕೆ ಸೇರುವವರಿಗೆ ಹೇಳಬೇಕು. ನಾನು ನಂಜನಗೂಡಿನಲ್ಲೂ ತಿ. ನರಸೀಪುರದಲ್ಲೂ ಟೆಲಿಫೋನ್ ಲೈನ್‌ಮನ್ ಆಗಿದ್ದವನು. ಕಂಬದ ಮೇಲೆ ಡಿ.ಪಿ. ಪೆಟ್ಟಿಗೆ ಅಂತ ಇರುತ್ತಿತ್ತು, ಅದರೊಳಗೆ ಹತ್ತು ಜೋಡಿ ತಂತಿ. ಜೋಡಿಗೆ ನಾವು ಪೇರು ಅನ್ನುತ್ತಿದ್ದೆವು. ಯಾವ ಪೇರು ಯಾರ ಮನೆಯದು ಎಂದು ರಿಜಿಸ್ಟರಿನಲ್ಲಿ ಬರೆದಿರಬೇಕು. ಬರೆದಿರುತ್ತಿದ್ದರು, ಆದರೆ ಅದು ಸರಿಯಾಗಿರುತ್ತಿರಲಿಲ್ಲ. ಆದ್ದರಿಂದ ಸೊಂಟದಲ್ಲಿದ್ದ ಟೆಸ್ಟ್ ಫೋನಿನ ಕ್ಲಿಪ್ಪುಗಳನ್ನು ಪೇರಿಗೆ ಕಚ್ಚಿಸಿ, ಅದರ ಬಾಯಿಗೆ ‘ಫೂ’ ಎಂದು ಊದುವುದು. ಎಕ್ಸ್‌ಚೇಂಜಿನಿಂದ ಕರೆಂಟು ಬರುತ್ತಿದ್ದರೆ ನಮ್ಮ ಉಸಿರು ನಮ್ಮ ಕಿವಿಗೇ ವಾಪಸು ಬರುತ್ತದೆ. ಬರದಿದ್ದರೆ ಪೇರು ಸತ್ತಿದೆ, ಖಾಲಿ ಇದೆ ಎಂದರ್ಥ. ನನಗೆ ಕೆಲಸ ಕಲಿಸಿದ ಮರಿಯಪ್ಪಣ್ಣ, “ಉಸ್ರು ವಾಪಸ್ ಬರ್ನಿಲ್ಲ ಅಂದ್ರೆ ಅದ್ಕೆ ವಾರಸ್ದಾರ್ರಿಲ್ಲ ಕಣ್ಲಾ, ಕಟ್ಟಾಕು” ಎನ್ನುತ್ತಿದ್ದ. ಆ ಪಾಠದಿಂದಲೇ ನನ್ನ ಕೆಲಸದ ಅತಿ ದೊಡ್ಡ ತಪ್ಪು ಹುಟ್ಟಿತು.

ನಿವೃತ್ತರ ಸಂಘದವರು ಹೊಸಬರಿಗಾಗಿ ಏನಾದರೂ ಬರೆದುಕೊಡಿ ಎಂದರು. ಜೊತೆಗೆ, “ಆ ರೇಸಿನ ವಿಚಾರ ಒಂದ್ ಬ್ಯಾಡ ಶಿವಣ್ಣ” ಅಂತಲೂ ಅಂದರು. ಹಾಗಾದರೆ ರೇಸಿನ ವಿಚಾರವೊಂದನ್ನೇ ಬರೆಯುತ್ತೇನೆ. ಯಾವ ವರ್ಷ ಯಾವ ದರ್ಜೆಗೆ ಏರಿದೆ ಅನ್ನುವುದು ಸರ್ವೀಸ್ ಪುಸ್ತಕದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ನಂಜನಗೂಡಿನ ಬಜಾರಿನ ಹಿಂದೆ ಒಂದು ಮನರಂಜನಾ ಕ್ಲಬ್ಬಿತ್ತು. ಮೈಸೂರಿನ ರೇಸಿನ ಕಾಮೆಂಟರಿ ಅದಕ್ಕೆ ಖಾಸಗಿ ಲೈನಿನಲ್ಲಿ ಬರುತ್ತಿತ್ತು. ಆ ಲೈನಿಗೆ ನಂಬರಿಲ್ಲ, ಡಯಲ್ಲಿಲ್ಲ, ಎಕ್ಸ್‌ಚೇಂಜಿನ ಕರೆಂಟಿಲ್ಲ. ಆ ತುದಿಯಲ್ಲಿ ಮೈಕಿನ ಮುಂದೆ ಒಬ್ಬ ಮಾತಾಡುವವನು, ಈ ತುದಿಯಲ್ಲಿ ಗೋಡೆಗೆ ತಗುಲಿಸಿದ ಸ್ಪೀಕರ್ ಪೆಟ್ಟಿಗೆ. ರೇಸಿನ ಮಧ್ಯಾಹ್ನ ಮಾತ್ರ ಅದಕ್ಕೆ ಜೀವ. ಉಳಿದ ದಿನ ಎಷ್ಟು ಊದಿದರೂ ಅದು ಸತ್ತ ಪೇರೇ. ಎಕ್ಸ್‌ಚೇಂಜಿನ ಒಳಗೆ ಇಂಥ ಲೈನಿನ ತಲೆಗೆ ಮುಟ್ಟಬಾರದೆಂಬ ಗುರುತಿಗೆ ಕೆಂಪು ಟೋಪಿ ಹಾಕಿರುತ್ತಾರೆ. ಕಂಬದ ಮೇಲೆ ಟೋಪಿ ಇಲ್ಲ.

ತೊಂಬತ್ತರ ದಶಕದ ಮೊದಲ ಭಾಗ. ರೇಸಿಲ್ಲದ ಒಂದು ದಿನ ನಾನು ಆ ಬೀದಿಯ ಕಂಬ ಹತ್ತಿ ಒಂಬತ್ತನೇ ಪೇರಿಗೆ ಊದಿದೆ. ಉಸಿರು ವಾಪಸು ಬರಲಿಲ್ಲ. ಎದುರು ಮನೆಯ ನರ್ಸ್ ನಿಂಗಮ್ಮನವರಿಗೆ ಹೊಸ ಫೋನು ಮಂಜೂರಾಗಿತ್ತು. ಆ ಪೇರಿನಿಂದ ಅವರ ಮನೆಗೆ ತಂತಿ ಎಳೆದು, ಫೋನಿಟ್ಟು, “ನಾಕೈದು ದಿನದಲ್ಲಿ ಎಕ್ಸ್‌ಚೇಂಜಿನಿಂದ ಜೀವ ಬರುತ್ತಮ್ಮ” ಎಂದು ಹೇಳಿ ಬಂದೆ.

ಐದನೆಯ ದಿನವೋ ಆರನೆಯ ದಿನವೋ ಎಕ್ಸ್‌ಚೇಂಜಿನಲ್ಲಿ, “ಅದು ಕ್ಲಬ್ಬಿನ ಪೇರು ಕಣಯ್ಯಾ, ಕಣ್ಣು ಎಲ್ಲಿತ್ತು?” ಎಂದು ಉಗಿಸಿಕೊಂಡೆ. ಓಡಿದೆ. ಆವತ್ತು ಮೈಸೂರಿನಲ್ಲಿ ರೇಸಿತ್ತು. ನಿಂಗಮ್ಮನವರ ಬಾಗಿಲು ತೆಗೆದೇ ಇತ್ತು. ಆಸ್ಪತ್ರೆಯ ಬಿಳಿ ಸೀರೆಯಲ್ಲೇ ನೆಲದ ಮೇಲೆ ಕೂತು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಿದ್ದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಕೈಯೆತ್ತಿ ಸುಮ್ಮನಿರಿಸಿದರು. ಸ್ವಲ್ಪ ಹೊತ್ತಾದ ಮೇಲೆ ರಿಸೀವರು ಇಟ್ಟು ಕೇಳಿದರು.

“ಅಣ್ಣಾ, ಇದು ಎಲ್ಲಾರ್ ಮನೆ ಫೋನ್ಗೂ ಬತ್ತದಾ?”

“ಇಲ್ಲ ಕಣಮ್ಮ, ತಪ್ಪಾಗ್ಬುಟ್ಟದೆ. ಇದು ಕ್ಲಬ್ಬಿನ ಲೈನು. ಈಗ್ಲೇ ಬಿಚ್ತೀನಿ.”

“ಬುಡಿ. ತಪ್ಪಾದ್ರೆ ಆಗ್ಲಿ. ಬಿಚ್ಚಬ್ಯಾಡಿ.”

ಆಮೇಲೆ ಅವರು ಹೇಳಿದ್ದನ್ನು ನಾನು ಒಂದೇ ಉಸಿರಿನ ಕಥೆಯಾಗಿ ಬರೆಯಬಹುದು. ಅವರು ಹಾಗೆ ಹೇಳಲಿಲ್ಲ. ಮೂರು ನಾಲ್ಕು ಸಲದ ಭೇಟಿಯಲ್ಲಿ ಚೂರುಚೂರಾಗಿ ಹೇಳಿದರು, ಜೋಡಿಸಿದವನು ನಾನು. ಜೋಡಿಸುವುದೇ ನನ್ನ ಕಸುಬಾದ್ದರಿಂದ ಇದರಲ್ಲಿ ಎಲ್ಲೋ ಒಂದು ಕಡೆ ಪೇರು ಅದಲುಬದಲಾಗಿದ್ದರೂ ಆಗಿರಬಹುದು.

ನಿಂಗಮ್ಮನವರದು ದೇವನೂರು. ತಮ್ಮ ಮಹದೇವ ಮೈಸೂರಿನ ರೇಸಿನ ಲಾಯದಲ್ಲಿ ಸೈಸ್. ಅಂದರೆ ಕುದುರೆಯ ಮೈ ಉಜ್ಜುವವನು, ಮೇವು ಹಾಕುವವನು, ರೇಸಿನ ದಿನ ಹಗ್ಗ ಹಿಡಿದು ನಡೆಸಿಕೊಂಡು ಹೋಗುವವನು. ಅವನಿಗೆ ಟಿ.ಬಿ. ಬಂತು. ಅಕ್ಕ ತಾನೇ ಮುಂದೆ ನಿಂತು ಆಸ್ಪತ್ರೆಗೆ ಸೇರಿಸಿದರು. ಅವನು ಅರ್ಧ ಮಾತ್ರೆ ನುಂಗಿ, ಅರ್ಧಕ್ಕೇ ವಾರ್ಡಿನಿಂದ ಓಡಿಹೋಗಿ ಮತ್ತೆ ಲಾಯ ಸೇರಿಕೊಂಡ. ಅರ್ಧಕ್ಕೆ ನಿಲ್ಲಿಸಿದರೆ ಏನಾಗುತ್ತದೆಂದು ನರ್ಸಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹುಡುಕಿಕೊಂಡು ಹೋದರೆ ಗೇಟಿನವನ ಕೈಲಿ ‘ಇಲ್ಲ’ ಅನ್ನಿಸಿದ. ಗೇಟಿನ ಮುಂದೆ ನಿಂತು ಕೂಗುವ ಹಾಗೂ ಇಲ್ಲ. ಕಾಯಿಲೆ ವಿಷಯ ಲಾಯದವರಿಗೆ ಗೊತ್ತಾದರೆ ಅವನನ್ನು ಆವತ್ತೇ ಆಚೆ ಹಾಕುತ್ತಾರೆ, ಆಚೆ ಹಾಕಿದರೆ ಅವನು ಅಕ್ಕನ ಮನೆಗಂತೂ ಬರುವುದಿಲ್ಲ.

ಅವರ ಹತ್ತಿರ ಇದ್ದದ್ದು ಒಂದು ಫೋಟೋ. ಕುದುರೆ, ಅದರ ಮೇಲೆ ಸವಾರ, ಪಕ್ಕದಲ್ಲಿ ಹೆಸರಿನ ಹಲಗೆ: ಗೋಲ್ಡನ್ ಸ್ಲೇಟ್. ಒಂದು ಅಂಚಿನಲ್ಲಿ ಹಗ್ಗ ಹಿಡಿದ ಮಹದೇವನ ಒಂದು ಕೈ, ಅರ್ಧ ಭುಜ.

“ಕಾಮೆಂಟ್ರಿನಲ್ಲಿ ಅವನ ಹೆಸ್ರು ಯಾಕಮ್ಮ ಬರುತ್ತೆ? ಕುದುರೆ ಹೆಸ್ರು ತಾನೆ ಬರೋದು” ಎಂದೆ.

“ಗೊತ್ತು ಕಣಣ್ಣ. ಅವ್ನು ಬುಟ್ರೆ ಇನ್ನೊಬ್ರನ್ನ ಮೈಗೆ ಕೈ ಹಾಕುಸ್ಕಳಕ್ಕಿಲ್ಲ ಅದು. ಒಂದ್ಸಲ ಅವ್ನಿಗೆ ಜ್ವರ ಬಂದಾಗ ಓಡ್ಸದೇ ಇಲ್ಲ ಅಂತ ಬುಟ್ಬುಟ್ಟಿದ್ರಂತೆ. ಕುದ್ರೆ ಓಡ್ತು ಅಂದ್ರೆ ಬೆಳಿಗ್ಗೆ ಅವ್ನು ಎದ್ದವ್ನೆ, ಅದ್ರ ಮೈ ಉಜ್ಜವ್ನೆ ಅಂತ ತಾನೆ?”

“ಪೇಪರಲ್ಲಿ ರಿಸಲ್ಟ್ ಬರುತ್ತಲ್ಲ?”

ನಿಂಗಮ್ಮನವರು ನಕ್ಕರು. “ಪೇಪರ್ನಲ್ಲಿ ಮೊದ್ಲು ಬಂದ ನಾಕು ಕುದ್ರೆ ಹೆಸ್ರೇ ಹಾಕದು. ನಮ್ದು ಯಾವತ್ತು ನಾಕ್ರೊಳಗೆ ಬಂದದೆ? ಗೆದ್ದು ಫೋಟೋ ಹಿಡಿಸ್ಕಂಡಿದ್ದು ಅದೊಂದೇ ಸಲ.”

ಅಲ್ಲಿಗೆ ನನಗೆ ಅರ್ಥವಾಯಿತು. ಹಿಂದಿನ ದಿನದ ಪೇಪರಿನಲ್ಲಿ ಓಡಬೇಕಾದ ಕುದುರೆಗಳ ಪಟ್ಟಿ ಇರುತ್ತದೆ. ಅವುಗಳಲ್ಲಿ ಕೊನೆಯ ಗಳಿಗೆಯಲ್ಲಿ ಕೆಲವು ಓಡುವುದಿಲ್ಲ. ಓಡಿ ಹಿಂದೆ ಬಿದ್ದ ಕುದುರೆಯ ಹೆಸರನ್ನು ಹೇಳುವುದು ಜಗತ್ತಿನಲ್ಲಿ ಒಂದೇ ಬಾಯಿ, ಕಾಮೆಂಟರಿಯವನದು. ಅವನೂ ಒಂದೇ ಸಲ ಹೇಳುತ್ತಾನೆ. ಗೇಟು ತೆರೆದ ಮೇಲೆ ಮೊದಲ ಅರ್ಧ ನಿಮಿಷದಲ್ಲಿ ಮುಂದಿನ ಕುದುರೆಯಿಂದ ಹಿಂದಿನ ಕುದುರೆಯವರೆಗೆ ಒಂದು ಸುತ್ತು ಎಲ್ಲ ಹೆಸರೂ ಬರುತ್ತವೆ. ಕೊನೆಯ ತಿರುವು ಬಂದರೆ ಆಮೇಲೆ ಮುಂದಿನ ಮೂರು ನಾಲ್ಕು ಕುದುರೆ ಬಿಟ್ಟು ಬೇರೆಯವಕ್ಕೆ ಹೆಸರೇ ಇಲ್ಲ. ಆ ಅರ್ಧ ನಿಮಿಷ ನಿಂಗಮ್ಮನವರದು. ಅಷ್ಟು ಕೇಳಿ ಅವರು ರಿಸೀವರು ಇಡುತ್ತಿದ್ದರು. ಯಾವ ಕುದುರೆ ಗೆದ್ದಿತೆಂದು ಒಂದು ದಿನವೂ ಕೇಳಲಿಲ್ಲ.

“ಪೇಪರ್ನಲ್ಲಿ ಹೆಸ್ರಿದ್ದು ಇದ್ರಲ್ಲಿ ಬರ್ನಿಲ್ಲ ಅನ್ನಿ,” ಎಂದರು, “ಅವತ್ತೇ ಬಸ್ ಹತ್ತೀನಿ. ಅವ್ನ ಕೆಲ್ಸ ಓದ್ರೂ ಓಗ್ಲಿ. ಗೇಟ್ ಒಡ್ದಾದ್ರೂ ಎಳ್ಕಂಡ್ ಬತ್ತೀನಿ.”

ನಾನು ಅವರ ಫೋನಿಗೆ ಖಾಲಿ ಇದ್ದ ಬೇರೆ ಪೇರು ಕೊಟ್ಟೆ. ಒಂಬತ್ತನೇ ಪೇರಿನ ತಂತಿಯನ್ನು ಬಿಚ್ಚಲಿಲ್ಲ. ಸ್ಟೋರಿನಲ್ಲಿ ಗುಜರಿಗೆ ಬಿದ್ದಿದ್ದ ಒಂದು ಕಪ್ಪು ಡಯಲ್ ಫೋನು ತಂದು ಅದಕ್ಕೆ ಹಚ್ಚಿಕೊಟ್ಟೆ. ಕರೆಂಟಿಲ್ಲದಿದ್ದರೂ ಆ ಹಳೇ ಫೋನಿನಲ್ಲಿ ದನಿ ಕೇಳುತ್ತಿತ್ತು. ಈಗಿನ ಪ್ಲಾಸ್ಟಿಕ್ಕಿನವು ಆ ಕೆಲಸ ಮಾಡುವುದಿಲ್ಲ. ಮೊದಲನೆಯದು ತಪ್ಪು. ಎರಡನೆಯದು ತಪ್ಪಲ್ಲ, ಬೇಕೆಂದೇ ಮಾಡಿದ್ದು. ಹೊಸಬರು ಈ ವ್ಯತ್ಯಾಸವನ್ನು ಗಮನಿಸಬೇಕು, ಇಲಾಖೆ ಗಮನಿಸುವುದಿಲ್ಲ.

ಎರಡು ವಾರ ಆಗಿರಬೇಕು, ಕ್ಲಬ್ಬಿನಿಂದ ದೂರು ಬಂತು. ದೂರು ನೋಡಲು ಹೋಗಬೇಕಾದವನು ನಾನೇ. ಕ್ಲಬ್ಬಿನ ಕಾರ್ಯದರ್ಶಿ ಬಸಪ್ಪನವರು ಅಕ್ಕಿ ಮಂಡಿಯವರು, ವಿಭೂತಿ ಹಚ್ಚಿಕೊಂಡು ಸ್ಪೀಕರಿನ ನೇರ ಕೆಳಗೆ ಕೂರುತ್ತಿದ್ದರು.

“ಏನಯ್ಯಾ ಶಿವಣ್ಣ, ಇದಕ್ಕೇನು ಗ್ರಹಚಾರ? ರೇಸ್ ಶುರುವಾಗ್ತಿದ್ದಂಗೆ ದನಿ ಕುಗ್ಗಿ ಬಾವಿಯೊಳಗಿಂದ ಬಂದಂಗೆ ಬರ್ತದೆ. ಅರ್ಧ ನಿಮಿಷ. ಆಮೇಲೆ ತಾನೇ ಸರಿಹೋಗ್ತದೆ. ಮೊದಲ್ನೇ ರೇಸು ಸರಿ, ಎರಡನೇದು ಸರಿ, ಮೂರನೇದ್ರಲ್ಲಿ ಮಾತ್ರ ಹಿಂಗೆ!”

ಆ ಮೂರನೆಯ ರೇಸಿನಲ್ಲಿ ಗೋಲ್ಡನ್ ಸ್ಲೇಟ್ ಇತ್ತು. ನಿಂಗಮ್ಮನವರು ರಿಸೀವರು ಎತ್ತಿದರೆ ಒಂದೇ ದನಿ ಎರಡು ಕಡೆ ಹಂಚಿಹೋಗಿ ಕ್ಲಬ್ಬಿನ ಪಾಲು ಸಣ್ಣಗಾಗುತ್ತಿತ್ತು. ನಾನು ಗಂಭೀರವಾಗಿ ತಂತಿ ಮುಟ್ಟಿ ನೋಡಿ, “ತೇವ ಸಾ” ಎಂದೆ.

“ತೇವಕ್ಕೂ ಮೂರನೇ ರೇಸಿಗೂ ಏನಯ್ಯಾ ಸಂಬಂಧ?”

ಹಿಂದೆ ಇಸ್ಪೀಟು ಕಲಸುತ್ತಿದ್ದ ಒಬ್ಬರು, “ಕುದುರೆ ಉಚ್ಚೆ ಹುಯ್ತದಲ್ಲ ಬಸಪ್ನೋರೇ, ತೇವ ಆಗ್ದೆ ಇರ್ತದಾ?” ಎಂದರು. ಎಲ್ಲರೂ ನಕ್ಕರು, ನಾನು ಬದುಕಿದೆ.

ಮಾರನೆಯ ದಿನ ಇನ್ನೊಂದು ಹಳೆಯ ಫೋನಿನಿಂದ ಒಂದು ಕಂಡೆನ್ಸರ್ ಬಿಚ್ಚಿ, ಕಂಬದ ಮೇಲೆ ನಿಂಗಮ್ಮನವರ ತಂತಿಗೆ ಸೇರಿಸಿದೆ. ಈಗ ಅವರ ಕಡೆಗೆ ದನಿ ಸಣ್ಣದಾಗಿ ಹೋಗುತ್ತದೆ, ಕ್ಲಬ್ಬಿಗೆ ಗೊತ್ತಾಗುವುದಿಲ್ಲ. “ಕೇಳುತ್ತಾಮ್ಮ?” ಎಂದರೆ, “ಇರುವೆ ಮಾತಾಡ್ದಂಗದೆ. ಸಾಕು” ಎಂದರು. ರೇಸಿನ ದಿನಕ್ಕೆ ರಾತ್ರಿ ಪಾಳಿ ಹಾಕಿಸಿಕೊಂಡು ಮಧ್ಯಾಹ್ನ ಇರುವೆ ಮಾತು ಕೇಳುತ್ತಿದ್ದರು. ಹೀಗೆ ಕೆಲವು ವರ್ಷ. ಎಷ್ಟು ಎಂದು ಕೇಳಬೇಡಿ, ನಾಲ್ಕಿರಬಹುದು.

ಕ್ಲಬ್ಬಿನವರನ್ನು ನಾನು ಹೀಗಳೆಯುತ್ತಿಲ್ಲ. ಅವರಲ್ಲಿ ಅರ್ಧ ಜನಕ್ಕೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೂ ನನಗಿಂತ ಚೆನ್ನಾಗಿ ಕೇಳುತ್ತಿದ್ದರು. ದನಿ ಏರುವ ರೀತಿಯಿಂದಲೇ ಕುದುರೆ ತಿರುವು ದಾಟಿತೆಂದು ಹೇಳುತ್ತಿದ್ದರು. ಒಳಗೆ ಬಿಡದವರು ಕಿಟಕಿಯ ಕೆಳಗೆ ಬೀಡಿ ಹಚ್ಚಿ ನಿಂತು ಕೇಳುತ್ತಿದ್ದರು. ಬಸ್ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿನವನು ಮೈಸೂರಿಗೆ ಫೋನು ಹಚ್ಚಿ, ಅಲ್ಲಿ ಕೇಳಿದ್ದನ್ನು ಬೂತಿನ ಗಾಜಿನ ಹೊರಗಿದ್ದವರಿಗೆ ಕೈಬೆರಳಿನಲ್ಲಿ ತೋರಿಸುತ್ತಿದ್ದ: ಇಂಥ ನಂಬರು ಮುಂದೆ, ಇಂಥದು ಹಿಂದೆ. ಬಾಯಿಲ್ಲದ ಕಾಮೆಂಟರಿ. ಆಮೇಲೆ ನನಗೆ ತಿ. ನರಸೀಪುರಕ್ಕೆ ವರ್ಗವಾಯಿತು. ಅಲ್ಲಿ ಖಾಸಗಿ ಲೈನಿರಲಿಲ್ಲ. ಅಲ್ಲಿನ ಒಬ್ಬ ಕಾಫಿ ಹೋಟೆಲಿನವರ ಭಾವಮೈದ ಮೈಸೂರಿನಲ್ಲಿ ಸ್ಪೀಕರಿನ ಮುಂದೆ ರಿಸೀವರು ಹಿಡಿದು ನಿಲ್ಲುತ್ತಿದ್ದನಂತೆ. ಇವರು ಇಲ್ಲಿ ರಿಸೀವರನ್ನು ಖಾಲಿ ಹಾಲಿನ ಕ್ಯಾನಿನೊಳಗೆ ಇಳಿಬಿಟ್ಟು ಹೋಟೆಲಿಗೆಲ್ಲ ಕೇಳಿಸುತ್ತಿದ್ದರು. ಲೈನು ರಿಪೇರಿಗೆ ಹೋದ ನಾನು ಆ ಕ್ಯಾನಿಗೆ ಕಿವಿಯಿಟ್ಟು, ನನಗೆ ಗೊತ್ತಿದ್ದ ಒಂದೇ ಹೆಸರು ಹಿಂದಿನ ಸಾಲಿನಲ್ಲಿ ಬರುತ್ತದೋ ಎಂದು ಕಾದದ್ದಿದೆ. ಒಂದೆರಡು ಸಲ ಬಂತು. ಆವತ್ತು ಊಟ ರುಚಿಸಿತು ಎಂದು ಬರೆದರೆ ಕಥೆ ಕಟ್ಟಿದ ಹಾಗಾಗುತ್ತದೆ. ಬಂತು, ಅಷ್ಟೇ.

ನರಸೀಪುರದ ಕೆಲಸವೇ ಬೇರೆ. ಎರಡು ಹೊಳೆಯ ನೀರು ಕೇಬಲ್ಲಿನೊಳಗೆ ಇಳಿಯುತ್ತಿತ್ತು. ಕಾಗದ ಸುತ್ತಿದ ಹಳೆಯ ತಂತಿ ಹೋಗಿ, ಒಳಗೆ ಜೆಲ್ಲಿ ತುಂಬಿದ ಕೇಬಲ್ಲು ಬಂತು. ಸೀಮೆಎಣ್ಣೆಯಲ್ಲಿ ಎಷ್ಟು ಉಜ್ಜಿದರೂ ಕೈಯ ಜಿಡ್ಡು ಹೋಗುತ್ತಿರಲಿಲ್ಲ, ಅದೇ ಕೈಯಲ್ಲಿ ಅನ್ನ ಕಲಸುತ್ತಿದ್ದೆವು. ಎಕ್ಸ್‌ಚೇಂಜಿನಲ್ಲಿ ಟಕಟಕ ಸದ್ದು ನಿಂತು ಎಲ್ಲವೂ ಬೀರುವಿನ ಹಾಗೆ ಸುಮ್ಮನಾಯಿತು. ಊದಿ ನೋಡುವವರನ್ನು ಹೊಸ ಹುಡುಗರು ನೋಡಿ ನಗತೊಡಗಿದರು. ನಗಲಿ. ಅವರ ಮೀಟರು ಕೂಡ ಒಂಬತ್ತನೇ ಪೇರಿಗೆ ಖಾಲಿ ಎಂದೇ ತೋರಿಸುತ್ತಿತ್ತು.

ಈ ನಡುವೆ ನಂಜನಗೂಡಿಗೆ ಹೊಸ ಆಫೀಸರು ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕನ್ನಡಕ, ಮಾತು ಮೆತ್ತಗೆ. ಒಂದು ಮಳೆಗಾಲದಲ್ಲಿ ಕಂಬದ ಮೇಲಿನ ನನ್ನ ಕಂಡೆನ್ಸರಿಗೆ ನೀರು ಹೊಕ್ಕಿತು. ಕ್ಲಬ್ಬಿನಲ್ಲಿ ಮತ್ತೆ ಆ ಅರ್ಧ ನಿಮಿಷದ ಕಾಯಿಲೆ ಶುರುವಾಯಿತು. ಬಸಪ್ಪನವರು ಮತ್ತೆ ದೂರು ಕೊಟ್ಟರು. ಈ ಆಫೀಸರು ‘ತೇವ’ ಎಂಬ ಉತ್ತರಕ್ಕೆ ಒಪ್ಪುವವರಲ್ಲ, ತಾವೇ ಕಂಬ ಹತ್ತಿದರು. ಅಲ್ಲಿ ತಂತಿಗೆ ತಂತಿ ಸುತ್ತಿದ ನನ್ನ ಜೋಡಣೆ ಸಿಕ್ಕಿತು.

ಒಬ್ಬೊಬ್ಬ ಲೈನ್‌ಮನ್ನಿನ ಸುತ್ತು ಒಂದೊಂದು ಥರ. ನಾನು ಎಡಗೈಯವನು, ನನ್ನ ಸುತ್ತು ಉಲ್ಟಾ. ಆಫೀಸರು ಅದನ್ನು ಕತ್ತರಿಸಿ ತಂದು ಮೇಜಿನ ಮೇಲಿಟ್ಟು, ಇದು ಯಾರ ಕೈಕೆಲಸ ಎಂದು ಕೇಳಿದರಂತೆ. ಯಾರೂ ನನ್ನ ಹೆಸರು ಹೇಳಲಿಲ್ಲವಂತೆ. ಯಾರೂ ಹೇಳದಿದ್ದುದರಿಂದಲೇ ಅವರಿಗೆ ಗೊತ್ತಾಯಿತಂತೆ. ಇದೆಲ್ಲ ನಾನು ಕಂಡದ್ದಲ್ಲ, ‘ಅಂತೆ’ಗಳು. ಆದರೆ ಅವರು ಆ ಜೋಡಣೆಯನ್ನು ಅಲ್ಲಿಗೇ ಬಿಡದೆ ಮತ್ತೆ ಕಟ್ಟಿಸಿ, ಮುಂದಿನ ರೇಸಿನ ದಿನಕ್ಕೆ ನನ್ನನ್ನು ನರಸೀಪುರದಿಂದ ಕರೆಸಿದರು. ಕಾಮೆಂಟರಿ ಆ ಮನೆಗೆ ಹೋಗುತ್ತದೆ ಎನ್ನುವುದನ್ನು ಕಿವಿಯಾರೆ ಕೇಳಿ ವರದಿ ಬರೆಯಬೇಕಿತ್ತು.

ಆವತ್ತು ಎರಡೂವರೆಯ ರೇಸಿನ ಪಟ್ಟಿಯಲ್ಲಿ ಗೋಲ್ಡನ್ ಸ್ಲೇಟ್ ಇತ್ತು. ನಿಂಗಮ್ಮನವರು ಪೇಪರನ್ನು ಮಡಿಸಿ ಕೈಯಲ್ಲಿ ಹಿಡಿದಿದ್ದರು. ಆಫೀಸರು ಜಗುಲಿ ಹತ್ತಿ ವಿಷಯ ಹೇಳಿದರು. ನಿಂಗಮ್ಮನವರು ಅಳಲಿಲ್ಲ, ಜಗಳವಾಡಲಿಲ್ಲ.

“ಕಿತ್ಕಳಿ ಸಾ. ನಿಮ್ಮ ತಂತಿ, ನೀವು ಕಿತ್ಕತೀರಿ. ಇದೊಂದ್ ರೇಸು ಮುಗೀಲಿ. ಅರ್ಧ ನಿಮಿಷ.”

“ಕೇಳಬೇಕಾದ್ದು ನಾನಮ್ಮ,” ಎಂದರು ಆಫೀಸರು. “ರಿಪೋರ್ಟು ಬರೀಬೇಕು. ಇನ್ನೊಬ್ಬರು ಕೇಳಿದ್ದು ಬರೆಯಕ್ಕಾಗಲ್ಲ.”

ನಿಂಗಮ್ಮನವರು ಒಂದು ಗಳಿಗೆ ಅವರ ಮುಖವನ್ನೇ ನೋಡಿ ರಿಸೀವರು ಕೈಗೆ ಕೊಟ್ಟರು. “ಹಂಗಾರೆ ನೀವೇ ಕೇಳಿ ಹೇಳಿ. ಗೋಲ್ಡನ್ ಸ್ಲೇಟು. ಕಡೇಲಿ ಬತ್ತದೆ ಸಾ, ಮುಂದ್ಗಡೆ ಹುಡುಕ್ಬ್ಯಾಡಿ.”

ನಾನು ಕಂಬದ ಮೇಲಿದ್ದೆ. ಆಫೀಸರು ಕರ್ಚೀಫು ಬೀಸಿದ ಕೂಡಲೇ ಕತ್ತರಿಸಬೇಕೆಂದು ಹೇಳಿದ್ದರು. ನನ್ನ ಟೆಸ್ಟ್ ಫೋನನ್ನು ಒಂಬತ್ತನೇ ಪೇರಿಗೆ ಕಚ್ಚಿಸಿ ಕಿವಿಗಿಟ್ಟುಕೊಂಡೆ. ಇಲ್ಲಿಂದ ಮುಂದೆ ನಿಧಾನವಾಗಿ ಬರೆಯುತ್ತೇನೆ. ಗೇಟು ತೆರೆಯಿತು. ಹೆಸರುಗಳು ಬಂದವು. ಬೆರಳು ಮಡಿಸಿ ಎಣಿಸಿದೆ, ಹತ್ತು. ಹತ್ತನೆಯ ಹೆಸರಿನ ಹಿಂದೆ, ಇದೇ ಎಲ್ಲಕ್ಕಿಂತ ಕೊನೆಯದು ಎನ್ನುವ ಇಂಗ್ಲಿಷ್ ಮಾತೂ ಬಂತು. ಆ ಹತ್ತರಲ್ಲಿ ಗೋಲ್ಡನ್ ಸ್ಲೇಟ್ ಇರಲಿಲ್ಲ. ನಡುವೆ, ಐದರ ಹತ್ತಿರವೋ ಆರರ ಹತ್ತಿರವೋ, ಕಂಬದ ಕೆಳಗೆ ಒಂದು ಬಸ್ಸು ಉದ್ದಕ್ಕೆ ಹಾರ್ನು ಹೊಡೆಯಿತು. ಆ ಹಾರ್ನಿನೊಳಗೆ ಒಂದು ಹೆಸರು ಮುಳುಗಿರಬಹುದು. ಪಟ್ಟಿಯಲ್ಲಿ ಹನ್ನೊಂದು ಕುದುರೆ ಇದ್ದವು.

ಜಗುಲಿಯಲ್ಲಿ ಆಫೀಸರು ರಿಸೀವರನ್ನು ಕಿವಿಯಿಂದ ತೆಗೆದು ಏನೋ ಅಂದರು. ನಿಂಗಮ್ಮನವರು ಎರಡೂ ಕೈ ಮುಗಿದರು. ಆಫೀಸರು ಕರ್ಚೀಫು ಬೀಸಿದರು. ನಾನು ಕತ್ತರಿಸಿದೆ.

ಇಳಿದು ಬಂದಾಗ ನಿಂಗಮ್ಮನವರೇ ಹೇಳಿದರು: “ಬಂತಂತೆ ಕಣಣ್ಣ. ಕಡೇದಲ್ಲ, ಕಡೇದ್ಕಿಂತ ಒಂದ್ ಮುಂದೆ!” ಅವರ ಮುಖದಲ್ಲಿ ಗೆದ್ದವರ ಕಳೆಯಿತ್ತು.

ಜೀಪಿನಲ್ಲಿ ಆಫೀಸರನ್ನು ಕೇಳಿದೆ. “ಬಂತಾ ಸಾ?”

“ನಿಮಗೆ ಕೇಳಿಸಲಿಲ್ವಾ?”

“ಬಸ್ ಹಾರ್ನು ಹೊಡೀತು ಸಾ.”

ಅವರು ಕನ್ನಡಕ ತೆಗೆದು ಅದೇ ಕರ್ಚೀಫಿನಲ್ಲಿ ಒರೆಸಿದರು. ಕನ್ನಡಕ ಮತ್ತೆ ಹಾಕಿಕೊಂಡ ಮೇಲೆ ಬೇರೆ ಮಾತು ತೆಗೆದರು. “ನೋಡಿ ಶಿವಣ್ಣ, ‘ತಪ್ಪಾಗಿ ಜೋಡಣೆಯಾಗಿತ್ತು’ ಅಂತ ಒಂದು ಸಾಲು ಬರೆದುಕೊಡಿ. ಎಚ್ಚರಿಕೆ ಕೊಟ್ಟು ಮುಗಿಸ್ತೀನಿ.”

“ಮೊದಲ್ನೇದು ತಪ್ಪು ಸಾ. ಎರಡನೇದು ನಾನೇ ಬೇಕಂತ ಮಾಡಿದ್ದು.”

“ಅದನ್ನ ಬರೆದ್ರೆ ನನಗೂ ಬೇರೆ ದಾರಿ ಇರಲ್ಲ.”

“ತಪ್ಪು ಅಂತ ಬರೆದ್ರೆ ಆ ಯಮ್ಮ ಕೇಳಿದ್ದೂ ತಪ್ಪು ಅಂತಾಗುತ್ತೆ ಸಾ. ಅದನ್ನ ಬರೆಯಲ್ಲ.”

ಬೇಕೆಂದೇ ಮಾಡಿದೆ ಅಂತಲೇ ಬರೆದೆ. ಇನ್‌ಕ್ರಿಮೆಂಟು ನಿಂತಿತು. ಗುಜರಿ ಫೋನು ವಾಪಸು ಹೋಗಿ ಗುಜರಿಗೇ ಬಿತ್ತು. ಸಹೋದ್ಯೋಗಿಗಳಲ್ಲಿ ಕೆಲವರು, “ಒಂದ್ ಸಾಲ್ ಬರ್ಯಕ್ಕೆ ಏನ್ಲಾ ಕಷ್ಟ ನಿಂಗೆ?” ಎಂದು ಬೈದರು. ಇವತ್ತಿಗೂ ಆ ಸಾಲು ಬರೆಯುವುದಿಲ್ಲ. ಸರ್ಕಾರದ ತಂತಿಯಲ್ಲಿ ಬಸಪ್ಪನವರ ಇಸ್ಪೀಟು ಮೇಜಿಗೆ ಕುದುರೆ ಓಡಬಹುದಾದರೆ, ಅದರ ಸಣ್ಣದೊಂದು ಪಾಲು ಎದುರು ಮನೆಗೆ ಹೋದದ್ದು ಕಳವು ಅಂತ ನೀವು ಕರೆದುಕೊಳ್ಳಿ. ಮತ್ತೆ ಆ ಕಂಬ ಕೊಟ್ಟರೆ ಮತ್ತೆ ಎಡಗೈಯಲ್ಲೇ ಸುತ್ತುತ್ತೇನೆ.

ಇಲ್ಲಿಗೆ ನಿಲ್ಲಿಸಿದರೆ ನಾನು ದೊಡ್ಡ ಮನುಷ್ಯನಾಗಿ ಉಳಿಯುತ್ತೇನೆ. ಅದಕ್ಕೇ ನಿಲ್ಲಿಸುವುದಿಲ್ಲ.

ನಿಂಗಮ್ಮನವರು ಆವತ್ತು ಬಸ್ಸು ಹತ್ತಲಿಲ್ಲ. ಯಾಕೆ ಹತ್ತಬೇಕು? ಹೆಸರು ಬಂದಿತ್ತಲ್ಲ. ತಂತಿ ಹೋದ ಮೇಲೆ ಕೆಲವು ತಿಂಗಳು ಪೇಪರಿನ ಪಟ್ಟಿಯನ್ನೇ ನೋಡಿ ಸಮಾಧಾನ ಮಾಡಿಕೊಂಡರು. ಆಮೇಲೆ ಪಟ್ಟಿಯಲ್ಲೂ ಗೋಲ್ಡನ್ ಸ್ಲೇಟ್ ಕಾಣದಾದಾಗ ಮೈಸೂರಿಗೆ ಹೋದರು. ಈ ಸಲ ಗೇಟಿನವನು ಒಳಗೆ ಬಿಟ್ಟ. ಕುದುರೆಯನ್ನು ಬೇರೆ ಊರಿಗೆ ಮಾರಿದ್ದರು. ಮಹದೇವ ಇರಲಿಲ್ಲ. ಯಾವಾಗ ಹೋದ ಎಂದರೆ ಲಾಯದಲ್ಲಿ ಒಬ್ಬ, “ಮೊನ್ನೆ ತಾನೆ, ಕುದ್ರೆ ಜೊತೆಗೇ” ಎಂದ. ಇನ್ನೊಬ್ಬ, “ಯಾರು, ಕೆಮ್ತಿದ್ನಲ್ಲ ಅವ್ನಾ? ಅವ್ನು ಹೋಗಿ ಒಂದ್ ಮಳೆಗಾಲ ಕಳೀತು” ಎಂದ. ಇಬ್ಬರೂ ಆಣೆ ಮಾಡಿ ಹೇಳಿದರಂತೆ. ಮೈ ಉಜ್ಜುವ ಒಂದು ಬ್ರಷ್ಷು ಅವನದೇ ಎಂದು ಕೊಟ್ಟರು. ಅದು ಅವನದೇ ಅಂತ ಹೇಗೆ ಗೊತ್ತು ಎಂದು ನಾನು ಕೇಳಬೇಕೆಂದಿದ್ದೆ, ಅವರು ಅದನ್ನು ಹಿಡಿದಿದ್ದ ರೀತಿ ನೋಡಿ ಕೇಳಲಿಲ್ಲ.

ಆಮೇಲೆ ಮೊಬೈಲು ಬಂತು. ಕ್ಲಬ್ಬಿಗೆ ಟಿ.ವಿ. ಬಂತು, ಖಾಸಗಿ ಲೈನನ್ನು ಬಿಟ್ಟುಕೊಟ್ಟರು. ಕಡೆಗೆ ನನಗೆ ಮತ್ತೆ ನಂಜನಗೂಡಿಗೇ ವರ್ಗವಾಗಿತ್ತು, ಕೆಂಪು ಟೋಪಿ ಬಿಚ್ಚಿದವನು ನಾನೇ. ರೇಸು ಕೇಳುವವರು ಈಗ ಬಸ್ಸಿನಲ್ಲಿ ಕೂತು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಾರೆ, ಯಾರ ದನಿಯೂ ಯಾರಿಂದಲೂ ಕುಗ್ಗುವುದಿಲ್ಲ.

ನಾನು ನಿವೃತ್ತನಾಗುವ ಮುಂಚೆ ಒಮ್ಮೆ ನಿಂಗಮ್ಮನವರು ಸಂತೆಯ ದಾರಿಯಲ್ಲಿ ಸಿಕ್ಕರು. ಅವರದೂ ಪೆನ್ಷನ್ನಾಗಿತ್ತು. ಸೊಪ್ಪಿನ ಚೀಲ ಕೆಳಗಿಟ್ಟು, ಯಾವುದೋ ಮಾತಿನ ನಡುವೆ ಕೇಳಿದರು.

“ಅವತ್ತು ನೀವೂ ಕಂಬದ್ ಮೇಲೆ ಕಿವಿಗಿಟ್ಕಂಡಿದ್ರಿ ಅಲ್ವಾ ಅಣ್ಣಾ? ಕೇಳಿದ್ರಾ?”

“ಕೇಳ್ದೆ ಕಣಮ್ಮ,” ಎಂದೆ.

“ಕಡೇದ್ಕಿಂತ ಒಂದ್ ಮುಂದೆ.”

“ಹೂಂ. ಒಂದ್ ಮುಂದೆ.”

ಅವರು ಚೀಲ ಎತ್ತಿಕೊಂಡು ಹೋದರು. ಕಡೆಯದಕ್ಕಿಂತ ಒಂದು ಮುಂದೆ ಬಂದ ಹೆಸರು ನನ್ನ ಎಣಿಕೆಯಲ್ಲಿ ಒಂಬತ್ತನೆಯದು. ಅದು ಬಂದಾಗ ಬಸ್ಸು ಹೋಗಿಯಾಗಿತ್ತು. ಅದು ಬೇರೆ ಕುದುರೆಯ ಹೆಸರು, ನನಗೆ ಸ್ಪಷ್ಟವಾಗಿ ಕೇಳಿತ್ತು. ಅಥವಾ ಈಗ ಹಾಗನ್ನಿಸುತ್ತಿದೆ.

ಗೊತ್ತಿಲ್ಲದ್ದು ಇಷ್ಟು. ಆವತ್ತು ಗೋಲ್ಡನ್ ಸ್ಲೇಟ್ ಓಡಿತೋ ಇಲ್ಲವೋ ಗೊತ್ತಿಲ್ಲ. ಆಫೀಸರು ಕೇಳಿದ್ದನ್ನು ಹೇಳಿದರೋ, ನಿಂಗಮ್ಮನವರ ಮುಖ ನೋಡಿ ಹೇಳಿದರೋ ಗೊತ್ತಿಲ್ಲ. ಅವರು ತೀರಿಕೊಂಡರು, ಬದುಕಿದ್ದಾಗ ನಾನು ಎರಡನೆಯ ಸಲ ಕೇಳಲಿಲ್ಲ. ಅದಕ್ಕೂ ಹಿಂದಿನ ಆ ವರ್ಷಗಳಲ್ಲಿ ಕುದುರೆಯ ಮೈ ಉಜ್ಜಿದ್ದು ಮಹದೇವನ ಕೈಯೋ ಬೇರೆಯವರದೋ ಗೊತ್ತಿಲ್ಲ. ಆವತ್ತೇ ಅವರು ಬಸ್ಸು ಹತ್ತಿದ್ದರೆ ಅವನು ಸಿಗುತ್ತಿದ್ದನೋ ಗೊತ್ತಿಲ್ಲ. ಮೈಸೂರಿನಲ್ಲಿ ಹಳೆಯ ರೇಸಿನ ಪುಸ್ತಕಗಳನ್ನು ಇಟ್ಟಿರುತ್ತಾರಂತೆ, ಮೊದಲನೆಯದನ್ನಾದರೂ ಹೋಗಿ ನೋಡಬಹುದು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಾನು ಹೋಗಿಲ್ಲ.